ರಿಪೇರಿಯಾಗಿ ಬಂದ ಮೇಲೂ ಮಿಣುಕುವ ಫೋರ್ ವೀಲ್ ದೀಪ

ಓದುಗರ ಪ್ರಶ್ನೆ

ನಮ್ಮದು ಸಕಲೇಶಪುರ ತಾಲ್ಲೂಕು ಹಾನುಬಾಳು ಕಡೆಯ ಕಾಫಿ ತೋಟ. 2012ರ ಮಾದರಿಯ ಡಬಲ್ ಕ್ಯಾಬ್ ಪಿಕಪ್ ಇದೆ. ಫೋರ್ ವೀಲ್ ಹಾಕಲು ಇದರಲ್ಲಿ ಲಿವರ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ತಿರುಗಿಸುವ ನಾಬ್ ಇದೆ. ಅದರಲ್ಲಿ 2ಎಚ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ), 4ಎಚ್ (ನಾಲ್ಕೂ ಚಕ್ರಕ್ಕೆ, ಮಾಮೂಲಿ ವೇಗದಲ್ಲಿ), 4ಎಲ್ (ನಾಲ್ಕೂ ಚಕ್ರಕ್ಕೆ, ನಿಧಾನವಾಗಿ, ಹೆಚ್ಚು ಎಳೆತದೊಂದಿಗೆ) ಎಂಬ ಸ್ಥಾನಗಳಿವೆ. ಕಳೆದ ಆಗಸ್ಟಿನಲ್ಲಿ ಹಳ್ಳ ದಾಟುವಾಗ ಕ್ಯಾಬಿನ್ನಿನೊಳಗೆ ನೀರು ಬಂತು. ಮರುದಿನದಿಂದ 4ಎಚ್ ದೀಪ ಮಿಣುಕತೊಡಗಿತು. ಫೋರ್ ವೀಲ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು (ಕಂಟ್ರೋಲ್ ಮಾಡ್ಯೂಲ್) ಬಿಚ್ಚಿ ಬೆಂಗಳೂರಿಗೆ ಕಳುಹಿಸಿ, 6,500 ರೂಪಾಯಿ ಕೊಟ್ಟು ಬೋರ್ಡ್ ರಿಪೇರಿ ಮಾಡಿಸಿದೆ. ಹೇಗೂ ಗಾಡಿ ನಿಂತಿದೆಯಲ್ಲ ಎಂದು ಅಷ್ಟರಲ್ಲೇ ಗೇರ್ ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹಾಕಿಸಿದೆ. ಮುಂದಿನ ಎರಡು ಟೈರುಗಳನ್ನೂ ಹೊಸದಾಗಿ ಹಾಕಿಸಿದೆ. ಅಳತೆ 245/75 ಆರ್16, ಹಿಂದಿನವು ಹಳೆಯವೇ.

ಮಾಡ್ಯೂಲ್ ಬಂದ ಮೇಲೆ ಕೂರಿಸಿದರೆ, ಬೆಳಗಿನ ಹೊತ್ತು 4ಎಚ್ ಬೀಳುತ್ತದೆ. ಮಧ್ಯಾಹ್ನವಾಗುತ್ತಿದ್ದಂತೆ ದೀಪ ಮಿಣುಕಲು ಶುರು. 4ಎಲ್ ಅಂತೂ ಒಂದು ಸಲವೂ ಬಿದ್ದಿಲ್ಲ. ಬ್ಯಾಟರಿ ವೈರ್ ಬಿಚ್ಚಿ ಅರ್ಧ ಗಂಟೆ ಬಿಟ್ಟು ಹಾಕಿದರೆ ಒಂದು ದಿನ ಸರಿಯಿರುತ್ತದೆ. ಶಿವಾಜಿನಗರದ ಗುಜರಿಯಿಂದ ಅದೇ ನಂಬರಿನ ಇನ್ನೊಂದು ಮಾಡ್ಯೂಲ್ ತಂದು ಹಾಕಿದೆ, ಅದೇ ಕಥೆ. ಸ್ಕ್ಯಾನರ್ ಹಾಕಿದವರು ‘ಮಾಡ್ಯೂಲ್ ಮಾತನಾಡುತ್ತಿಲ್ಲ, ಸತ್ತಿದೆ’ ಎಂದರು. ಒಬ್ಬರು ಹೊಸ ಮಾಡ್ಯೂಲ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಮೋಟಾರಿಗೆ ನೇರವಾಗಿ ಎರಡು ಸ್ವಿಚ್ ಕೊಡುತ್ತೇನೆ ಎನ್ನುತ್ತಾರೆ, ಮತ್ತೊಬ್ಬರು ಎಲ್ಲವನ್ನೂ ಕಿತ್ತು ಲಿವರ್ ಮಾಡಿಸಿ ಎನ್ನುತ್ತಾರೆ. ಮಳೆ ಹಿಡಿಯುವುದರೊಳಗೆ ತೋಟಕ್ಕೆ ಗೊಬ್ಬರ ಸಾಗಿಸಬೇಕು. ಯಾರ ಮಾತು ಕೇಳಲಿ? ದೀಪ ಮಿಣುಕುತ್ತಿರುವಾಗ ಓಡಿಸಬಹುದೇ? ಗುಜರಿಯಿಂದ ತಂದ ಮಾಡ್ಯೂಲನ್ನು ಏನು ಮಾಡಲಿ?

ಉತ್ತರ

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ಮಾಡ್ಯೂಲ್ ಸತ್ತಿದೆ ಎಂದು ಪತ್ರ ಓದಿದ ನನಗೆ ಅನ್ನಿಸುವುದಿಲ್ಲ. ಹೊಸದನ್ನು ಸದ್ಯಕ್ಕೆ ಕೊಳ್ಳಬೇಡಿ. ನೇರ ಸ್ವಿಚ್ ಕೊಡಿಸುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಗಾಡಿಯನ್ನು ನಾನು ಕಣ್ಣಾರೆ ನೋಡಿಲ್ಲ, ಆದರೆ ನೀವು ಕ್ರಮವಾಗಿ ಬರೆದಿರುವುದರಿಂದ ದಾರಿ ಬಹುಮಟ್ಟಿಗೆ ಕಾಣುತ್ತಿದೆ. ಒಂದು ಬೋರ್ಡು ರಿಪೇರಿಯಾಗಿ ಬಂದದ್ದು, ಇನ್ನೊಂದು ಬೇರೆಯೇ ಗಾಡಿಯಿಂದ ಬಿಚ್ಚಿದ್ದು. ಎರಡೂ ಬೆಳಿಗ್ಗೆ ಕೆಲಸ ಮಾಡಿ ಮಧ್ಯಾಹ್ನ ಕೈಕೊಡುತ್ತಿವೆ, ಎರಡೂ 4ಎಲ್ ಒಪ್ಪುತ್ತಿಲ್ಲ. ಎರಡು ಪೆಟ್ಟಿಗೆಗಳಲ್ಲಿ ಒಂದೇ ದೋಷ ಇರುವ ಸಾಧ್ಯತೆ ತೀರಾ ಕಡಿಮೆ. ಎರಡಕ್ಕೂ ಸಮಾನವಾಗಿರುವುದು ನಿಮ್ಮ ಗಾಡಿ. ಇಷ್ಟಾದ ಮೇಲೂ ಮಾಡ್ಯೂಲನ್ನೇ ದೂರುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇನ್ನೊಂದು ಮಾತು. ನೀವು ಇದನ್ನು ಒಂದೇ ತೊಂದರೆ ಎಂದು ತಿಳಿದಿದ್ದೀರಿ. ನನಗೆ ಕಾಣುವುದು ಎರಡು, ಬಹುಶಃ ಮೂರು. ಮಧ್ಯಾಹ್ನ ಮಿಣುಕುವ 4ಎಚ್ ಒಂದು ಕಾಯಿಲೆ, ಎಂದೂ ಬೀಳದ 4ಎಲ್ ಇನ್ನೊಂದು. ಹೊಸ ಟೈರುಗಳು ತಮ್ಮ ಪಾಲನ್ನೂ ಸೇರಿಸಿರಬಹುದು. ಎಲ್ಲಕ್ಕೂ ಒಂದೇ ಕಾರಣ ಹುಡುಕುತ್ತಾ ಹೋದವರಿಗೆ ಮಾಡ್ಯೂಲ್ ಒಂದೇ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಎಲ್ಲ ವೈರುಗಳೂ ಹೋಗಿ ಸೇರುವುದು ಅಲ್ಲಿಗೇ.

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಿದರೆ ಮುಂದಿನದು ಸುಲಭವಾಗುತ್ತದೆ. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇದೆ. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಮಾತ್ರ ಕೊಡಬೇಕೋ, ಮುಂದಿನದಕ್ಕೂ ಕೊಡಬೇಕೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಹಳೆಯ ಜೀಪುಗಳಲ್ಲಿ ಈ ಕೆಲಸವನ್ನು ಕೈಯಿಂದ ಲಿವರ್ ಎಳೆದು ಮಾಡುತ್ತಿದ್ದೆವು. ನಾಬ್ ಇರುವ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸಿನ ಹೊರಮೈಗೆ ಕೂರಿಸಿದ ಪುಟ್ಟ ಶಿಫ್ಟ್ ಮೋಟಾರ್ ಆ ಲಿವರಿನ ಕೆಲಸ ಮಾಡುತ್ತದೆ. ಬೋರ್ಗ್‌ವಾರ್ನರ್ ಕಂಪನಿಯ ಮಾದರಿಯ ಕೇಸುಗಳಲ್ಲಿ ಒಳಗೊಂದು ವಿದ್ಯುತ್ಕಾಂತ ಕ್ಲಚ್ಚೂ ಇರುತ್ತದೆ. ಗಾಡಿ ಓಡುತ್ತಿರುವಾಗ 4ಎಚ್‌ಗೆ ತಿರುಗಿಸಿದರೆ ಅದು ಮುಂದಿನ ಶಾಫ್ಟನ್ನು ಹಿಂದಿನದರ ವೇಗಕ್ಕೆ ತಂದು ನಿಲ್ಲಿಸುತ್ತದೆ, ಆಮೇಲಷ್ಟೇ ಹಲ್ಲುಗಳು ಒಂದಕ್ಕೊಂದು ಕೂರುತ್ತವೆ. (ಇಂಥ ಟ್ರಾನ್ಸ್‌ಫರ್ ಕೇಸ್ ತಯಾರಿಸುವ, ಹಿಂದೆ ಡಿವ್ಗಿ ವಾರ್ನರ್ ಎಂದು ಕರೆಯಿಸಿಕೊಳ್ಳುತ್ತಿದ್ದ ಡಿವ್ಗಿ ಟಾರ್ಕ್‌ಟ್ರಾನ್ಸ್‌ಫರ್ ಕಂಪನಿಯ ಒಂದು ಕಾರ್ಖಾನೆ ನಮ್ಮ ಶಿರಸಿಯಲ್ಲೇ ಇದೆ. ಘಟ್ಟದವರಿಗೆ ಈ ಯಂತ್ರ ದೂರದ್ದೇನೂ ಅಲ್ಲ.)

ಮೋಟಾರ್ ಈಗ ಎಲ್ಲಿದೆ ಎಂದು ಮಾಡ್ಯೂಲಿಗೆ ತಿಳಿಸಲು ಮೋಟಾರಿನೊಳಗೇ ಒಂದು ಸಂಪರ್ಕ ಫಲಕ ಅಥವಾ ಸೆನ್ಸರ್ ಇರುತ್ತದೆ. ನೀವು ನಾಬ್ ತಿರುಗಿಸಿದಾಗ ಮಾಡ್ಯೂಲ್ ಮೊದಲು ಕೇಳುವುದು ಪ್ರಶ್ನೆಗಳನ್ನು: ಗಾಡಿ ಎಷ್ಟು ವೇಗದಲ್ಲಿದೆ, ಕ್ಲಚ್ ಒತ್ತಿದೆಯೇ ಅಥವಾ ಗೇರ್ ನ್ಯೂಟ್ರಲ್ಲಿನಲ್ಲಿದೆಯೇ, ಮೋಟಾರ್ ಎಲ್ಲಿ ನಿಂತಿದೆ. ಉತ್ತರ ಸರಿಯಿದ್ದರೆ ಮೋಟಾರಿಗೆ ಕರೆಂಟ್ ಬಿಡುತ್ತದೆ. ಕೆಲವು ಸೆಕೆಂಡುಗಳಲ್ಲಿ ಮೋಟಾರ್ ಹೇಳಿದ ಜಾಗ ತಲುಪದಿದ್ದರೆ ಕೆಲಸ ನಿಲ್ಲಿಸಿ ದೀಪ ಮಿಣುಕಿಸುತ್ತದೆ. ಅಂದರೆ ಮಿಣುಕುವ ದೀಪ ‘ನಾನು ಕೆಟ್ಟಿದ್ದೇನೆ’ ಎನ್ನುತ್ತಿಲ್ಲ. ‘ನೀವು ಹೇಳಿದ್ದು ಪೂರ್ತಿಯಾಗಲಿಲ್ಲ’ ಎನ್ನುತ್ತಿದೆ.

ಇನ್ನು ರಿಪೇರಿಯ ವಿಚಾರ. ರಿಪೇರಿಯ ನಂತರ ಉಳಿದ ಅಥವಾ ಹುಟ್ಟಿದ ದೋಷ ಹುಡುಕುವಾಗ ನಾನು ಕೇಳುವ ಮೊದಲ ಪ್ರಶ್ನೆ, ಈ ಗಾಡಿಯಲ್ಲಿ ಎಲ್ಲೆಲ್ಲಿ ಕೈ ಆಡಿದೆ ಎಂಬುದು. ನೀವು ಮುಖ್ಯವಾಗಿ ಬರೆದದ್ದು ಮಾಡ್ಯೂಲ್ ರಿಪೇರಿ. ನನ್ನ ಕಣ್ಣು ಹೋಗಿ ನಿಂತದ್ದು ಕ್ಲಚ್ ಪ್ಲೇಟಿನ ಮೇಲೆ. ಫೋರ್ ವೀಲ್ ಗಾಡಿಯ ಗೇರ್ ಬಾಕ್ಸ್ ಇಳಿಸಬೇಕಾದರೆ ಶಿಫ್ಟ್ ಮೋಟಾರಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ವಿದ್ಯುತ್ಕಾಂತದ ವೈರ್, ವೇಗದ ಸೆನ್ಸರ್, ನ್ಯೂಟ್ರಲ್ ಸ್ವಿಚ್, ರಿವರ್ಸ್ ದೀಪದ ಸ್ವಿಚ್, ಜೊತೆಗೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳಲೆಂದು ಚಾಸಿಗೆ ಕೂರಿಸಿದ ಅರ್ಥ್ ಪಟ್ಟಿ, ಎಲ್ಲವನ್ನೂ ಬಿಚ್ಚಬೇಕು. ಮೇಲೇರಿಸುವಾಗ ಇವುಗಳಲ್ಲಿ ಒಂದು ಮರೆತರೂ, ಅರೆಬರೆ ಕೂತರೂ ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಫೋರ್ ವೀಲ್ ಹಾಕುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮಲ್ಲಿ ಮಾಡ್ಯೂಲ್ ಮರಳಿ ಬಂದದ್ದು ಗೇರ್ ಬಾಕ್ಸ್ ಮೇಲೇರಿದ ನಂತರ. ಹಾಗಾಗಿ ಕ್ಲಚ್ ಕೆಲಸದಲ್ಲಿ ಆದ ಲೋಪದ ಹೊಣೆ ಮಾಡ್ಯೂಲಿನ ತಲೆಗೆ ಬಂದಿರಬಹುದು.

ಅರ್ಥ್ ಪಟ್ಟಿಯ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ. ನನ್ನ ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಅತಿ ಹೆಚ್ಚು ಒಳ್ಳೆಯ ಮಾಡ್ಯೂಲುಗಳು ವೃಥಾ ಗುಜರಿ ಸೇರಿದ್ದು ಇದೊಂದರಿಂದ. ನಿಮ್ಮ ಎಲೆಕ್ಟ್ರಿಷಿಯನ್ ‘ಅರ್ಥ್ ನೋಡಿದ್ದೇನೆ, ಸರಿಯಿದೆ’ ಎನ್ನುತ್ತಾರೆ. ಹೇಗೆ ನೋಡಿದಿರಿ ಎಂದು ಕೇಳಿ. ಮೀಟರನ್ನು ಬೀಪ್‌ಗೆ ಇಟ್ಟು ಎರಡೂ ಕಡೆ ಮುಟ್ಟಿಸಿದೆ, ಕೂಗಿತು ಎಂದರೆ ಆ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಬೆರಳು ದಪ್ಪದ ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಏಕೆಂದರೆ ಮೀಟರ್ ಕಳುಹಿಸುವ ಕರೆಂಟ್ ಕೂದಲೆಳೆಯಷ್ಟು. ಶಿಫ್ಟ್ ಮೋಟಾರ್ ಬಿಗಿದಾಗ ಎಳೆಯುವುದು 15 ಆಂಪಿಯರ್ ಎಂದುಕೊಳ್ಳಿ. ಕೊಳೆ ಹಿಡಿದ ಅರ್ಥ್ ಬೋಲ್ಟಿನಲ್ಲಿ 0.1 ಓಮ್ ತಡೆ ಇದ್ದರೂ 1.5 ವೋಲ್ಟ್ ಅಲ್ಲೇ ನುಂಗಿಹೋಗುತ್ತದೆ. ಸಾಮಾನ್ಯ ಮೀಟರಿನಲ್ಲಿ 0.1 ಓಮ್ ಕಾಣುವುದೇ ಇಲ್ಲ. ಅದರ ಪ್ರೋಬ್ ವೈರುಗಳ ತಡೆಯೇ ಅದಕ್ಕಿಂತ ಹೆಚ್ಚು.

ಆದ್ದರಿಂದ ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೇ ಒತ್ತಿ ಹಿಡಿಯಬೇಕು, ಅದರ ಮೇಲಿನ ಕ್ಲಾಂಪಿಗೆ ಅಲ್ಲ. ಕೆಂಪು ಪ್ರೋಬನ್ನು ಮಾಡ್ಯೂಲ್ ಕಪ್ಲರಿನ ಅರ್ಥ್ ಪಿನ್ನಿಗೆ, ಕಪ್ಲರ್ ಬಿಚ್ಚದೆ ಹಿಂಭಾಗದಿಂದ ತಾಗಿಸಿ. ಅದು ಯಾವ ಪಿನ್ ಎಂಬುದನ್ನು ವೈರಿಂಗ್ ನಕ್ಷೆಯಲ್ಲಿ ನೋಡಿಕೊಳ್ಳಿ. ಈಗ ಇನ್ನೊಬ್ಬರಿಗೆ ನಾಬ್ ತಿರುಗಿಸಲು ಹೇಳಿ. ಮೋಟಾರ್ ಓಡುವ ಆ ಎರಡು ಮೂರು ಸೆಕೆಂಡಿನಲ್ಲಿ ಮೀಟರ್ ಏನು ತೋರಿಸುತ್ತದೆ ಎಂಬುದೇ ಮುಖ್ಯ. 0.2 ವೋಲ್ಟಿನೊಳಗೆ ಇದ್ದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದ. ಇದೇ ಪರೀಕ್ಷೆಯನ್ನು ಪಾಸಿಟಿವ್ ಕಡೆಯೂ ಮಾಡಿ, ಬ್ಯಾಟರಿ ಕಂಬದಿಂದ ಮಾಡ್ಯೂಲಿನ ಫ್ಯೂಸ್ ವೈರಿನವರೆಗೆ. ಮಧ್ಯಾಹ್ನ ದೀಪ ಮಿಣುಕುತ್ತಿರುವಾಗಲೇ ಮಾಡಬೇಕು. ಬೆಳಿಗ್ಗೆ ಸರಿಯಿರುವಾಗ ಅಳೆದು ‘ಎಲ್ಲ ಸರಿ’ ಎಂದುಕೊಂಡರೆ ಪ್ರಯೋಜನವಿಲ್ಲ.

ಅರ್ಥ್ ಕೆಟ್ಟಾಗ ಮೋಟಾರಿಗೆ ಶಕ್ತಿ ಕಡಿಮೆಯಾಗುವುದಷ್ಟೇ ಅಲ್ಲ, ಮಾಡ್ಯೂಲಿನ ಲೆಕ್ಕವೂ ತಪ್ಪುತ್ತದೆ. ಯಾವುದನ್ನು ಸೊನ್ನೆ ವೋಲ್ಟ್ ಎಂದು ಅದು ನಂಬಿದೆಯೋ ಅದೇ ಒಂದೂವರೆ ವೋಲ್ಟ್ ಮೇಲೆದ್ದರೆ, ಸೆನ್ಸರ್ ಕಳುಹಿಸುವ ಸಂಕೇತವನ್ನು ಅದು ಹೇಗೆ ಓದಬೇಕು? ಮೋಟಾರ್ ಎಲ್ಲಿದೆ ಎಂಬುದೇ ತಿಳಿಯದೆ ಕೆಲಸ ಕೈಬಿಡುತ್ತದೆ. ಒಮ್ಮೆ ನಮ್ಮಲ್ಲಿಗೆ ಮೂರು ಮಾಡ್ಯೂಲ್ ಬದಲಿಸಿದ ಮೇಲೂ ಮಿಣುಕುತ್ತಿದ್ದ ಪಿಕಪ್ ಬಂತು. ಅರ್ಥ್ ಬೋಲ್ಟ್ ಬಿಗಿಯಾಗಿಯೇ ಇತ್ತು, ಪಟ್ಟಿಯೂ ಹೊಸದು. ಬಿಚ್ಚಿ ನೋಡಿದರೆ ಪಟ್ಟಿಯ ಕಣ್ಣಿನ ಕೆಳಗೆ ಚಾಸಿಯ ಮೇಲೆ ನುಣ್ಣಗೆ ಕಪ್ಪು ಬಣ್ಣ. ಯಾರೋ ಚಾಸಿಗೆ ಬಣ್ಣ ಹೊಡೆದು, ಒಣಗಿದ ಮೇಲೆ ಅದರ ಮೇಲೇ ಅರ್ಥ್ ಬಿಗಿದಿದ್ದರು. ಕರೆಂಟ್ ಬೋಲ್ಟಿನ ತಿರುಪು ಗೆರೆಗಳ ಅಂಚಿನಿಂದ ಮಾತ್ರ ಹರಿಯುತ್ತಿತ್ತು. ರೂಪಾಯಿಯಗಲ ಜಾಗದ ಬಣ್ಣವನ್ನು ಲೋಹ ಕಾಣುವಂತೆ ಕೆರೆದು ಬಿಗಿದದ್ದೇ ರಿಪೇರಿ. ಆ ಮನುಷ್ಯ ಮೂರು ಮಾಡ್ಯೂಲಿಗೆ ಕೊಟ್ಟ ಹಣ ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ನಿಮ್ಮ ಗಾಡಿಯಲ್ಲಿ ಇನ್ನೂ ಒಂದು ಜಾಗ ನೋಡಲೇಬೇಕು. ನೀರು ನುಗ್ಗಿದ್ದು ಮಾಡ್ಯೂಲಿಗೆ ಮಾತ್ರವಲ್ಲ, ಅದರ ಕಪ್ಲರಿಗೂ ನುಗ್ಗಿದೆ. ಬೆಂಗಳೂರಿಗೆ ಹೋದದ್ದು ಪೆಟ್ಟಿಗೆ. ಕಪ್ಲರಿನ ವೈರಿನ ಕಡೆಯ ಅರ್ಧ ನಿಮ್ಮ ಗಾಡಿಯಲ್ಲೇ, ಒದ್ದೆ ಮ್ಯಾಟಿನ ಹತ್ತಿರವೇ ಉಳಿಯಿತು. ಅದರ ಪಿನ್ನುಗಳನ್ನು ಟಾರ್ಚ್ ಬಿಟ್ಟು ನೋಡಿ. ಹಿತ್ತಾಳೆ ಚೊಂಬಿಗೆ ಹುಣಸೆ ಹುಳಿ ತಾಗಿ ಉಳಿದಾಗ ಬರುವ ಹಸಿರು ಕಿಲುಬು ಕಂಡರೆ ಆ ಪಿನ್ ಬದಲಿಸಿ. ಕಿಲುಬು ಕಾಣದಿದ್ದರೂ ಪಿನ್ ಸಡಿಲವಾಗಿರಬಹುದು, ಹಿಂದಕ್ಕೆ ಸರಿದಿರಬಹುದು. ಎದುರು ಅಳತೆಯ ಒಂದು ಬಿಡಿ ಪಿನ್ ತೆಗೆದುಕೊಂಡು ಪ್ರತಿ ತೂತಿಗೂ ಹಾಕಿ ಎಳೆದು ನೋಡಿ. ಎಲ್ಲವೂ ಒಂದೇ ಬಿಗಿಯಲ್ಲಿ ಹಿಡಿಯಬೇಕು. ಒಂದು ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದರೆ ಅದೇ ತೊಂದರೆಯ ಪಿನ್. ನೀರು ವೈರಿನ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ. ಹಾಗಾಗಿ ಪಿನ್ ಬದಲಿಸುವಾಗ ವೈರ್ ತುದಿಯ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಸೇರಿಸಬೇಕು. ಕಪ್ಲರ್ ತೊಳೆಯಲು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಉಪ್ಪಿನ ಕಾಗದದಿಂದ ಉಜ್ಜಬೇಡಿ, ಪಿನ್ನಿನ ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಕಿಲುಬು ಇಮ್ಮಡಿಯಾಗುತ್ತದೆ.

ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ ಎಂಬುದಕ್ಕೆ ಶಾಖ ಒಂದು ಕಾರಣ. ತಾಮ್ರದ ತಡೆ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಶೇ 0.4ರಷ್ಟು ಏರುತ್ತದೆ. ಸೈಲೆನ್ಸರಿನ ಕಾವಿಗೆ ಮೋಟಾರಿನ ಸುರುಳಿ 25ರಿಂದ 75 ಡಿಗ್ರಿಗೆ ಹೋದರೆ ತಡೆ ಶೇ 20ರಷ್ಟು ಹೆಚ್ಚುತ್ತದೆ, ಬಲ ಅಷ್ಟರಮಟ್ಟಿಗೆ ಇಳಿಯುತ್ತದೆ. ಚೆನ್ನಾಗಿರುವ ಗಾಡಿಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಅರ್ಥಿನಲ್ಲಿ ಆಗಲೇ ಒಂದೂವರೆ ವೋಲ್ಟ್ ಕಳೆದುಕೊಂಡಿರುವ, ಬ್ರಷ್ ಸವೆದ ಮೋಟಾರಿಗೆ ಇಷ್ಟು ಸಾಕು, ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಎರಡನೆಯ ಕಾರಣ ಟೈರುಗಳು. ನಿಮ್ಮದು ಪಾರ್ಟ್ ಟೈಮ್ ಫೋರ್ ವೀಲ್. ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಡುವೆ ವೇಗದ ವ್ಯತ್ಯಾಸಕ್ಕೆ ಎಡೆಕೊಡುವ ಡಿಫರೆನ್ಷಿಯಲ್ ಇಲ್ಲ, 4ಎಚ್‌ನಲ್ಲಿ ಎರಡೂ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗಲೇಬೇಕು. 245/75 ಆರ್16 ಹೊಸ ಟೈರಿನ ವ್ಯಾಸ ಸುಮಾರು 774 ಮಿಲಿಮೀಟರ್. ಹಿಂದಿನ ಹಳೆಯ ಟೈರುಗಳ ರಬ್ಬರ್ ಗುಂಡಿಗಳು (ಬಟನ್) 5 ಮಿಲಿಮೀಟರ್ ಸವೆದಿದ್ದರೆ ಅವುಗಳ ವ್ಯಾಸ 764. ಹೊಸದು ಒಂದು ಕಿಲೋಮೀಟರಿಗೆ ಸುಮಾರು 411 ಸುತ್ತು ಹಾಕುತ್ತದೆ, ಹಳೆಯದು ಸುಮಾರು 417. ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಹಾಕುವ ಸುತ್ತು) 4ರ ಆಸುಪಾಸಿದ್ದರೆ ಎರಡು ಪ್ರೊಪೆಲ್ಲರ್ ಶಾಫ್ಟುಗಳ ನಡುವೆ ಪ್ರತಿ ಕಿಲೋಮೀಟರಿಗೆ 20ಕ್ಕೂ ಹೆಚ್ಚು ಸುತ್ತುಗಳ ವ್ಯತ್ಯಾಸ. ಕೆಸರಿನಲ್ಲಿ, ಜಲ್ಲಿಯ ಮೇಲೆ ಚಕ್ರ ಸ್ವಲ್ಪ ಜಾರಿ ಈ ವ್ಯತ್ಯಾಸ ತೀರುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ, ಇಡೀ ಸಾಲು ತಿರುಚಿದ ಹಗ್ಗದಂತೆ ಬಿಗಿಯುತ್ತದೆ. ಬಿಗಿದ ಹಲ್ಲುಗಳ ನಡುವಿನಿಂದ, ಎರಡು ಶಾಫ್ಟುಗಳನ್ನು ಜೋಡಿಸುವ ಉಂಗುರವನ್ನು (ಕಾಲರ್) ಜಾರಿಸಲು ಆ ಪುಟ್ಟ ಮೋಟಾರಿನಿಂದ ಆಗುವುದಿಲ್ಲ. ನಾಬನ್ನು 2ಎಚ್‌ಗೆ ತಿರುಗಿಸಿದರೂ ದೀಪ ಮಿಣುಕುತ್ತಲೇ ಇರುತ್ತದೆ. 4ಎಚ್ ಹಾಕಿಕೊಂಡು ಟಾರ್ ರಸ್ತೆಯಲ್ಲಿ ಹೋದರೆ ಹಿಡಿತ ಹೆಚ್ಚು ಎಂಬ ನಂಬಿಕೆ ನಮ್ಮ ಘಟ್ಟದ ಊರುಗಳಲ್ಲಿ ಬಲವಾಗಿದೆ. ಪಾರ್ಟ್ ಟೈಮ್ ಗಾಡಿಗೆ ಅದು ತಪ್ಪು, ಒಣ ರಸ್ತೆಯ ತಿರುವುಗಳಲ್ಲಂತೂ ಅಪಾಯ.

ನಿಮ್ಮದು ಶಾಖವೋ ಬಿಗಿತವೋ ಎಂದು ತಿಳಿಯಲು ಮೀಟರ್ ಬೇಡ. ಮಧ್ಯಾಹ್ನ ದೀಪ ಮಿಣುಕಿದಾಗ ನಾಬನ್ನು 2ಎಚ್‌ನಲ್ಲಿಟ್ಟು, ಜಲ್ಲಿ ಅಥವಾ ಮಣ್ಣಿನ ಮೇಲೆ ಸ್ಟೇರಿಂಗ್ ನೇರವಾಗಿಟ್ಟುಕೊಂಡು ಐದಾರು ಮೀಟರ್ ಹಿಂದಕ್ಕೆ ಹೋಗಿ. ಕೆಳಗೆ ‘ಟಕ್’ ಎಂದು ಬಿಡಿಸಿಕೊಂಡು ದೀಪ ಆರಿದರೆ ಅದು ಬಿಗಿತ. ಟೈರುಗಳನ್ನು ಸಮ ಮಾಡಿ, ನಾಲ್ಕೂ ಹೊಸದು ಕೊಳ್ಳಲಾಗದಿದ್ದರೆ ಕನಿಷ್ಠ ಸವೆತದಲ್ಲಿ ಹತ್ತಿರದವನ್ನು ಜೋಡಿಸಿ. ಹಿಂದಕ್ಕೆ ಹೋದರೂ ದೀಪ ಹಾಗೇ ಇದ್ದರೆ ಅರ್ಥ್, ಕಪ್ಲರ್, ಮೋಟಾರ್, ಈ ಕ್ರಮದಲ್ಲಿ ನೋಡಿ.

4ಎಲ್ ವಿಷಯ ಇದಕ್ಕಿಂತ ಸರಳ. ‘ಕೆಲವು ಸಲ’ ಎಂಬುದಕ್ಕೂ ‘ಎಂದೂ ಇಲ್ಲ’ ಎಂಬುದಕ್ಕೂ ವ್ಯತ್ಯಾಸವಿದೆ. ಎಂದೂ ಇಲ್ಲ ಎಂದರೆ ಮಾಡ್ಯೂಲ್ ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರವೇ ಹೋಗುತ್ತಿಲ್ಲ. 4ಎಲ್‌ಗೆ ಗಾಡಿ ನಿಂತಿರಬೇಕು, ಕ್ಲಚ್ ಒತ್ತಿರಬೇಕು ಅಥವಾ ಗೇರ್ ನ್ಯೂಟ್ರಲ್ಲಿನಲ್ಲಿರಬೇಕು. ಯಾವುದು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿ ನೋಡಿ. ಕ್ಲಚ್ ಪ್ಲೇಟ್ ಹಾಕಿದ ಮೇಲೆ ಪೆಡಲಿನ ಎತ್ತರ ಬದಲಾಗಿ ಪೆಡಲ್ ಸ್ವಿಚ್ ಒತ್ತದೇ ಉಳಿಯುವುದು, ಗೇರ್ ಬಾಕ್ಸಿನ ನ್ಯೂಟ್ರಲ್ ಸ್ವಿಚ್ಚಿನ ಕಪ್ಲರ್ ಹಾಕದೇ ಉಳಿಯುವುದು, ಅಥವಾ ಪಕ್ಕದ ರಿವರ್ಸ್ ಸ್ವಿಚ್ಚಿಗೆ ಅದಲುಬದಲಾಗುವುದು ನಾನು ಮತ್ತೆ ಮತ್ತೆ ಕಂಡದ್ದು. ರಿವರ್ಸ್ ದೀಪ ಸರಿಯಾಗಿ ಉರಿಯುತ್ತಿದೆಯೇ ನೋಡಿ. ಸ್ಪೀಡೋಮೀಟರ್ ನಡುಗದೆ ಓಡುತ್ತಿದೆಯೇ ನೋಡಿ. ಈ ಎರಡು ಗಮನಿಸಿದರೆ ಅರ್ಧ ಉತ್ತರ ಕೂತಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಗಾಡಿಯ ಕೆಳಗೆ ಟಾರ್ಚ್ ಹಿಡಿದು, ತೂಗಾಡುವ ಕಪ್ಲರ್ ಇದೆಯೇ ಎಂದು ಹುಡುಕಬೇಕು.

ಸ್ಕ್ಯಾನರ್ ‘ಮಾತನಾಡುತ್ತಿಲ್ಲ’ ಎಂದರೆ ಸತ್ತಿದೆ ಎಂದೇ ಅರ್ಥವಲ್ಲ. ಹಲವು ಬ್ರಾಂಡುಗಳ ಗಾಡಿಗೆಂದು ಮಾಡಿದ ಅಗ್ಗದ ಸ್ಕ್ಯಾನರುಗಳಲ್ಲಿ ಇಂಜಿನ್ ವಿಭಾಗ ಇರುತ್ತದೆ, ಫೋರ್ ವೀಲ್ ವಿಭಾಗ ಎಷ್ಟೋ ಸಲ ಇರುವುದೇ ಇಲ್ಲ. ಇಂಜಿನ್ ಮಾಡ್ಯೂಲಿನೊಂದಿಗೆ ಆ ಸ್ಕ್ಯಾನರ್ ಸರಾಗವಾಗಿ ಮಾತನಾಡಿತೇ ಎಂದು ಮೊದಲು ಕೇಳಿ. ನಿಮ್ಮ ಮಾದರಿಯಲ್ಲಿ ಮಾಡ್ಯೂಲ್ ಕ್ಯಾನ್ ಜಾಲದಲ್ಲಿದ್ದರೆ (ಮಾಡ್ಯೂಲುಗಳು ಪರಸ್ಪರ ಮಾತನಾಡುವ ಎರಡು ವೈರಿನ ಜಾಲ), ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆಯಿರಿ. 60 ಓಮ್ ಹತ್ತಿರ ಬರಬೇಕು. 120 ಬಂದರೆ ಜಾಲದ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ತೋಟದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇಲಿ ಕಡಿದ ವೈರನ್ನು ನಾನು ಮೊದಲು ಹುಡುಕುತ್ತೇನೆ.

ಬ್ಯಾಟರಿ ಬಿಚ್ಚಿ ಹಾಕಿದರೆ ಒಂದು ದಿನ ಸರಿಹೋಗುವುದನ್ನು ಅನೇಕರು ಮಾಡ್ಯೂಲ್ ಕೆಟ್ಟಿರುವುದಕ್ಕೆ ಸಾಕ್ಷಿ ಎಂದುಕೊಳ್ಳುತ್ತಾರೆ. ನನಗೆ ಅದು ಒಳ್ಳೆಯ ಸೂಚನೆಯಾಗಿ ಕಾಣುತ್ತದೆ. ದೋಷ ಕಂಡ ಮಾಡ್ಯೂಲ್ ಅದನ್ನು ನೆನಪಿಟ್ಟುಕೊಂಡು ಮತ್ತೆ ಪ್ರಯತ್ನಿಸದೆ ಕೂರುತ್ತದೆ. ಕರೆಂಟ್ ಹೋಗಿ ಬಂದಾಗ ಆ ನೆನಪು ಅಳಿದು ಹೊಸದಾಗಿ ಪ್ರಯತ್ನಿಸುತ್ತದೆ. ಅದು ಪ್ರಯತ್ನಿಸಿ ಯಶಸ್ವಿಯಾಗುತ್ತಿದೆ ಎಂದರೆ ಅದರ ಒಳಗಿನ ಕೆಲಸ ಸರಿಯಿದೆ ಎಂದೇ.

ಈಗ ನಿಮ್ಮ ಮುಂದಿರುವ ದಾರಿಗಳು. ಅರ್ಥ್, ಕಪ್ಲರ್, ಸ್ವಿಚ್ಚುಗಳನ್ನು ಸರಿಪಡಿಸುವುದು ಮೊದಲನೆಯದು. ಒಂದು ದಿನದ ಕೂಲಿ, ಒಂದು ಹೆಣೆದ ತಾಮ್ರದ ಪಟ್ಟಿ, ಕೆಲವು ಪಿನ್ನುಗಳ ಖರ್ಚು. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತೇನೆ. ಇದು ಮುಗಿದ ಮೇಲೂ ತೊಂದರೆ ಉಳಿದರೆ ಶಿಫ್ಟ್ ಮೋಟಾರನ್ನು ಬಿಚ್ಚಿಸಿ ಬ್ರಷ್ ಮತ್ತು ಸಂಪರ್ಕ ಫಲಕ ನೋಡಿಸಿ. ಬಿಚ್ಚುವ ಮೊದಲು ಕೇಸಿಗೂ ಮೋಟಾರಿಗೂ, ಒಳಗಿನ ಶಾಫ್ಟಿಗೂ ಗುರುತು ಹಾಕಿಸಿ. ಸ್ಥಾನ ತಪ್ಪಿಸಿ ಕೂರಿಸಿದರೆ ಮಾಡ್ಯೂಲ್ ಒಂದು ಜಾಗ ಎಂದುಕೊಳ್ಳುತ್ತದೆ, ಒಳಗೆ ಇನ್ನೊಂದು ಇರುತ್ತದೆ.

ಹೊಸ ಮಾಡ್ಯೂಲ್ ಕೊನೆಯ ಮೆಟ್ಟಿಲು. ವೈರಿನ ಎಲ್ಲ ಅಳತೆಗಳೂ ಸರಿಯಿದ್ದು, ಮಾಡ್ಯೂಲಿನ ಪ್ರಶ್ನೆಗಳಿಗೆ ಸರಿಯಾದ ಉತ್ತರವೂ ಹೋಗುತ್ತಿದ್ದು, ಆಗಲೂ ಮಾಡ್ಯೂಲಿನ ಮೋಟಾರ್ ಪಿನ್ನುಗಳಿಂದ ವೋಲ್ಟೇಜ್ ಹೊರಗೆ ಬರದಿದ್ದರೆ ಮಾತ್ರ. ಕೊಳ್ಳುವ ಮೊದಲು ಅದಕ್ಕೆ ಕೋಡಿಂಗ್ (ನಿಮ್ಮ ಗಾಡಿಗೆ ಹೊಂದಿಸುವ ಸಾಫ್ಟ್‌ವೇರ್ ಕೆಲಸ) ಬೇಕೇ, ಬೇಕಾದರೆ ಮಾಡಿಕೊಡುವವರು ಯಾರು ಎಂದು ಕೇಳಿಕೊಳ್ಳಿ.

ಲಿವರ್ ಮಾಡಿಸುವುದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅದೇ ಕುಟುಂಬದ ಕೈ ಲಿವರಿನ ಟ್ರಾನ್ಸ್‌ಫರ್ ಕೇಸನ್ನು ಪೂರ್ತಿಯಾಗಿ ಹಾಕಿದರೆ ಅದು ಗಟ್ಟಿ ಕೆಲಸ, ಖರ್ಚು ದೊಡ್ಡದು. ಇರುವ ಕೇಸಿಗೇ ಕಬ್ಬಿಣದ ಸರಳು ಬೆಸೆದು ಲಿವರ್ ಮಾಡುವುದು ಬೇರೆ ಮಾತು. ಅದರಲ್ಲಿ ವೇಗ ಹೊಂದಿಸುವ ವಿದ್ಯುತ್ಕಾಂತ ಕೆಲಸ ಮಾಡುವುದಿಲ್ಲ, ಓಡುತ್ತಿರುವಾಗ ಅಭ್ಯಾಸಬಲದಿಂದ ಎಳೆದರೆ ಹಲ್ಲು ಮುರಿಯುತ್ತದೆ. ಯಾವುದೇ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ವೈರ್ ಮತ್ತು ಮಾಡ್ಯೂಲುಗಳ ಕಪ್ಲರುಗಳನ್ನು ಬಿಚ್ಚಿಸಿ. 24 ವೋಲ್ಟಿನ ಲಾರಿಯಿಂದ ನಿಮ್ಮ 12 ವೋಲ್ಟಿನ ಗಾಡಿಗೆ ಎಂದೂ ಜಂಪ್ ಕೊಡಿಸಬೇಡಿ. ಈ ಎರಡರಿಂದ ಸತ್ತ ಮಾಡ್ಯೂಲುಗಳು ನಿಜವಾಗಿಯೂ ಸತ್ತಿರುತ್ತವೆ.

ಮೋಟಾರಿಗೆ ನೇರ ಸ್ವಿಚ್ ಕೊಡುವುದನ್ನು ಮಾತ್ರ ಕೈಮುಗಿದು ಬೇಡ ಎನ್ನುತ್ತೇನೆ. ಗಾಡಿ ನಿಂತಿದೆಯೇ, ಓಡುತ್ತಿದೆಯೇ ಎಂದು ಸ್ವಿಚ್ಚು ಕೇಳುವುದಿಲ್ಲ. ಮೋಟಾರ್ ಕೊನೆ ಮುಟ್ಟಿದ ಮೇಲೂ ಒತ್ತಿಹಿಡಿದರೆ ಸುಟ್ಟುಹೋಗುತ್ತದೆ. ಇವೆಲ್ಲ ಹಣದ ನಷ್ಟ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. 4ಎಚ್ ಮತ್ತು 4ಎಲ್ ನಡುವೆ ಟ್ರಾನ್ಸ್‌ಫರ್ ಕೇಸಿಗೆ ತನ್ನದೇ ಆದ ಒಂದು ನ್ಯೂಟ್ರಲ್ ಇದೆ. ಮೋಟಾರ್ ಅಲ್ಲಿ ನಿಂತುಬಿಟ್ಟರೆ ಗೇರ್ ಬಾಕ್ಸಿಗೂ ಚಕ್ರಗಳಿಗೂ ಸಂಬಂಧವೇ ಕಡಿದುಹೋಗುತ್ತದೆ. ನೀವು ಒಂದನೇ ಗೇರಿನಲ್ಲಿ ನಿಲ್ಲಿಸಿ ಇಳಿದರೂ ಗಾಡಿ ಉರುಳುತ್ತದೆ, ತಡೆಯುವುದು ಹ್ಯಾಂಡ್ ಬ್ರೇಕ್ ಒಂದೇ. ಗೊಬ್ಬರದ ಮೂಟೆ ಹೇರಿದ ಗಾಡಿ, ಒದ್ದೆ ಇಳಿಜಾರು, ಹಿಂದೆ ಮೂಟೆ ಇಳಿಸುತ್ತಿರುವ ಆಳುಗಳು. ಇದನ್ನು ನೆನೆಸಿಕೊಂಡರೆ ಆ ಎರಡು ಸ್ವಿಚ್ಚುಗಳ ಯೋಚನೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಇದೇ ಕಾರಣಕ್ಕೆ, ದೀಪ ಮಿಣುಕುತ್ತಿರುವಾಗ ಓಡಿಸಬಹುದೇ ಎಂಬುದಕ್ಕೆ ನನ್ನ ಉತ್ತರ: 2ಎಚ್‌ನಲ್ಲಿ ಪೂರ್ತಿ ಕೂತಿದೆ ಎಂದು ಖಚಿತವಾದರೆ ಓಡಿಸಿ, ಇಲ್ಲದಿದ್ದರೆ ಬೇಡ. ಖಚಿತಪಡಿಸಿಕೊಳ್ಳಲು ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಒಂದನೇ ಗೇರಿನಲ್ಲಿಟ್ಟು, ಇಂಜಿನ್ ಆರಿಸಿ. ಮುಂದಿನ ಒಂದು ಚಕ್ರವನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡ್ ಕೊಟ್ಟು, ಹೊರಗೆ ನಿಂತೇ ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಮುಂದಿನ ಶಾಫ್ಟ್ ಬಿಡುಗಡೆಯಾಗಿದೆ, ತಿರುಗದಿದ್ದರೆ ಇನ್ನೂ ಬಿಗಿದುಕೊಂಡಿದೆ. ಮುಂದಿನ ಆಕ್ಸಲನ್ನೇ ಬೇರ್ಪಡಿಸುವ ವ್ಯವಸ್ಥೆ ಇರುವ ಮಾದರಿಗಳಲ್ಲಿ ಈ ಪರೀಕ್ಷೆ ಸಾಲದು, ಅಲ್ಲಿ ಪ್ರೊಪೆಲ್ಲರ್ ಶಾಫ್ಟನ್ನೇ ನೋಡಬೇಕು. ಆಮೇಲೆ ಜ್ಯಾಕ್ ಇಳಿಸಿ, ಸಮತಟ್ಟಿನಲ್ಲೇ ಒಂದನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಟ್ಟು ನೋಡಿ. ಗಾಡಿ ಎಳೆದರೆ ಆ ನಡುವಿನ ನ್ಯೂಟ್ರಲ್ಲಿನಲ್ಲಿ ಇಲ್ಲ ಎಂದು ತಿಳಿಯುತ್ತದೆ. ಖಚಿತವಾದ ಮೇಲೆ ಶಿಫ್ಟ್ ಮೋಟಾರಿನ ಕಪ್ಲರ್ ಬಿಚ್ಚಿ, ಬಾಯಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿಡಿ, ಮೋಟಾರ್ ತಾನಾಗಿ ಕದಲುವುದಿಲ್ಲ. ರಿಪೇರಿಯಾಗುವವರೆಗೆ ಇಳಿಜಾರಿನಲ್ಲಿ ನಿಲ್ಲಿಸಿದಾಗಲೆಲ್ಲ ಚಕ್ರಕ್ಕೆ ಕಲ್ಲು ಕೊಡಿಸಿ. ಗೊಬ್ಬರವನ್ನು ಒಣಗಿದ ದಾರಿಯಲ್ಲಿ, ಅರ್ಧ ಲೋಡಿನಲ್ಲಿ ಎರಡು ಸಲ ಸಾಗಿಸಿ.

ಗುಜರಿಯ ಮಾಡ್ಯೂಲ್ ಬಗ್ಗೆ ಕೇಳಿದ್ದೀರಿ. ಎಸೆಯಬೇಡಿ, ಮಾರಲೂ ಬೇಡಿ. ಅದರ ಮುಚ್ಚಳದ ಮೇಲಿನ ನಂಬರು ನಿಮ್ಮ ಮೂಲ ಮಾಡ್ಯೂಲಿನದ್ದಕ್ಕೆ ಕೊನೆಯ ಅಕ್ಷರದವರೆಗೂ ಹೊಂದುತ್ತದೆಯೇ ನೋಡಿ. ಕೊನೆಯ ಒಂದು ಅಕ್ಷರ ಬೇರೆಯಾದರೂ ಪಿನ್ನುಗಳ ಜೋಡಣೆಯೇ ಬೇರೆ ಇರಬಹುದು. ಹೊಂದಿದರೆ, ಗಾಡಿ ಸರಿಯಾದ ಮೇಲೆ ಒಂದು ದಿನ ಅದನ್ನು ಹಾಕಿ ಓಡಿಸಿ ನೋಡಿ. ಕೆಲಸ ಮಾಡಿದರೆ ದಿನಾಂಕ ಬರೆದ ಚೀಟಿ ಅಂಟಿಸಿ, ಒಣ ಡಬ್ಬಿಯಲ್ಲಿ ಹಾಕಿ ಮನೆಯೊಳಗೆ ಇಡಿ. ಬೆಂಗಳೂರಿನಲ್ಲಿ ಬೋರ್ಡ್ ರಿಪೇರಿ ಮಾಡಿದವರಿಗೂ ಒಂದು ಕರೆ ಮಾಡಿ, ಬೆಸುಗೆ ಹಾಕಲು ಕೆರೆದ ಜಾಗಕ್ಕೆ ತೇವ ತಡೆಯುವ ಲೇಪವನ್ನು ಮತ್ತೆ ಹಚ್ಚಿದ್ದಾರೆಯೇ, ಮುಚ್ಚಳದ ರಬ್ಬರ್ ಸೀಲ್ ಬದಲಿಸಿದ್ದಾರೆಯೇ ಎಂದು ಕೇಳಿ. ಇಲ್ಲ ಎಂದರೆ ಜೂನ್ ಬರುವ ಮೊದಲೇ ಕಳುಹಿಸಿ ಮಾಡಿಸಿಕೊಳ್ಳಿ. ಅದು ಹೋಗಿ ಬರುವಷ್ಟು ದಿನ ಡಬ್ಬಿಯಲ್ಲಿರುವುದು ಗಾಡಿಯಲ್ಲಿ ಕೆಲಸ ಮಾಡಲಿ.